ಬಾವಿಯ ಕಲ್ಲು, ಮಠದ ಕಲ್ಲು

ಷಡಕ್ಷರಿಗೆ ಹಳೆಯ ಲಿಪಿ ಓದಲು ಬರುತ್ತಿರಲಿಲ್ಲ. ಆದರೂ ಮೈಸೂರಿನಲ್ಲಿ ಅವನಷ್ಟು ಹಳೆಯ ಅಕ್ಷರಗಳನ್ನು ಕೈಯಾರೆ ಮುಟ್ಟಿದವರು ಇನ್ನೊಬ್ಬರು ಸಿಗುವುದು ಕಷ್ಟ. ಶಾಸನಗಳನ್ನು ಓದಿ ಪ್ರಕಟಿಸುವ ಒಂದು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಅವನು ಮಾಡಿದ ಕೆಲಸ ಒಂದೇ, ಕಲ್ಲಿನಿಂದ ಪಡಿಯಚ್ಚು ತೆಗೆಯುವುದು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಗಟ್ಟಿ ಬ್ರಷ್ಷಿನಿಂದ ಬಡಿದು ಬಡಿದು ಕಾಗದ ಅಕ್ಷರದ ಗುಳಿಗೆ ಇಳಿಯುವಂತೆ ಮಾಡಬೇಕು. ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಕಪ್ಪು ಶಾಯಿ ತಟ್ಟಬೇಕು. ಉಬ್ಬಿದ್ದೆಲ್ಲ ಕಪ್ಪಾಗುತ್ತದೆ, ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕಾಗದ ಬಿಡಿಸಿಕೊಂಡು, ಆ ಕಲ್ಲಿನ ಮುಂದೆಯೇ ನಿಂತು, ಹಿಂಬದಿಗೆ ಪೆನ್ಸಿಲಿನಲ್ಲಿ ಊರು, ಕಲ್ಲು ಇರುವ ಜಾಗ, ತಾರೀಖು ಬರೆಯಬೇಕು.

ಈ ಕೊನೆಯದು ಅರ್ಧ ನಿಮಿಷದ ಕೆಲಸ. ಆದರೆ ಕಾಗದ ಸುರುಳಿಯಾಗಿ ಬೀರು ಸೇರಿತೆಂದರೆ ಹಿಂಬದಿಯ ಆ ಒಂದು ಸಾಲೇ ಕಲ್ಲಿನ ವಿಳಾಸ. ಅದು ತಪ್ಪಿದರೆ ಒಬ್ಬರ ಮದುವೆ ಕಾಗದ ಇನ್ನೊಬ್ಬರ ಮನೆಗೆ ಹೋದ ಹಾಗೆ. ದೊಡ್ಡ ದೊಡ್ಡ ವಿದ್ವಾಂಸರು ಕನ್ನಡಕ ಏರಿಸಿಕೊಂಡು ಮುಂಬದಿಯನ್ನು ತಿಂಗಳುಗಟ್ಟಲೆ ಓದುತ್ತಾರೆ, ಒಂದು ಗೀಟಿಗಾಗಿ ಜಗಳ ಆಡುತ್ತಾರೆ. ಹಿಂಬದಿಯನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ. ಅದನ್ನು ಬರೆದವನು ಎಸ್ಸೆಸ್ಸೆಲ್ಸಿ ಪಾಸಾದ ಷಡಕ್ಷರಿ.

ಕಲ್ಲಿನ ಸಹವಾಸ ಮಾಡಿ ಮಾಡಿ ಮನುಷ್ಯ ಕಲ್ಲಾಗಿಬಿಟ್ಟಿದ್ದಾನೆ ಎಂದು ಕಚೇರಿಯಲ್ಲಿ ಅವನ ಬಗ್ಗೆ ತಮಾಷೆ ಮಾಡುತ್ತಿದ್ದರು. ಹೇಳುವವರಿಗೇನು, ನಾಲಿಗೆಗೆ ಮೂಳೆ ಇಲ್ಲ. ಅವನು ಹಾಗಾದದ್ದು ಕಲ್ಲಿನಿಂದಲ್ಲ, ಒಂದೇ ದಿನದಲ್ಲಿ. ಸಾವಿರದೊಂಬೈನೂರ ತೊಂಬತ್ತನಾಲ್ಕರ ಜುಲೈ ಹನ್ನೆರಡು, ಮಂಗಳವಾರ.

ಆಗ ವಿಜಯನಗರದಾಚೆಗೆ ಹೊಸ ಬಡಾವಣೆಗೆಂದು ಹೊಲಗಳನ್ನು ಸಮ ಮಾಡುತ್ತಿದ್ದರು. ಅಲ್ಲೊಂದು ಹೊಲದ ಬಾವಿಯ ಬಾಯಿಗೆ ಅಡ್ಡ ಹಾಕಿದ್ದ ಕಲ್ಲಿನ ಮೇಲೆ ಅಕ್ಷರಗಳಿವೆ, ಇನ್ನೊಂದು ವಾರಕ್ಕೆ ಬುಲ್ಡೋಜರ್ ಬರುತ್ತದೆ ಎಂದು ಯಾರೋ ಕಚೇರಿಗೆ ತಿಳಿಸಿದ್ದರು. ಓದುವ ಅಧಿಕಾರಿ ರಜೆಯ ಮೇಲಿದ್ದರು. ಷಡಕ್ಷರಿಯನ್ನೇ ಕಳಿಸಿದರು. ಹೇಗೂ ಹೋಗುತ್ತೀಯ, ಮೈಲಿ ದೂರದಲ್ಲಿ ಸೊಪ್ಪಿನಯ್ಯನ ಮಠ ಇದೆ, ಅದರ ಹಿತ್ತಲಲ್ಲೂ ಒಂದು ಕಲ್ಲಿದೆ, ಅದನ್ನೂ ಮುಗಿಸಿಕೊಂಡು ಬಾ ಎಂದರು.

ಸೊಪ್ಪಿನಯ್ಯನ ಮಠಕ್ಕೆ ಷಡಕ್ಷರಿಯ ಮನೆಯವರು ತಲೆಮಾರಿನಿಂದ ನಡೆದುಕೊಂಡವರು. ಐನೂರು ವರ್ಷದ ಹಿಂದೆ ಬರೀ ಸೊಪ್ಪು ತಿಂದು ಬದುಕಿದ ಶರಣ ಅಲ್ಲೇ ಐಕ್ಯನಾದ, ಅವನ ಸಮಾಧಿಯ ಮೇಲೆಯೇ ಗದ್ದುಗೆ ಕಟ್ಟಿದರು ಎಂದು ನಂಬಿಕೆ. ಭಕ್ತರು ಹಣ್ಣುಕಾಯಿ ಬದಲು ಒಂದು ಕಂತೆ ಸೊಪ್ಪು ಇಟ್ಟು ಕೈ ಮುಗಿಯುತ್ತಾರೆ. ಚಿಕ್ಕ ಮಠ, ಹೆಂಚಿನ ಮಾಡು, ವ್ಯವಹಾರವನ್ನೆಲ್ಲ ನೋಡಿಕೊಳ್ಳಲು ಪಾರುಪತ್ತೆಗಾರ ಸದಾಶಿವಯ್ಯ.

ಷಡಕ್ಷರಿಯ ಮಗಳು ನಿಶ್ಚಿತಾಗೆ ಆಗ ನಾಲ್ಕು ವರ್ಷ. ಮೂರು ದಿನದಿಂದ ಜ್ವರವಿತ್ತು. ಅವತ್ತು ಬೆಳಿಗ್ಗೆ ಜ್ವರ ಇಳಿದಿತ್ತು, ಎದ್ದು ಕೂತು ಎರಡು ಚಮಚ ಗಂಜಿ ಕುಡಿದಿದ್ದಳು. ಇಳಿದಿದೆಯಲ್ಲ ಎಂದು ಅವನು ಕೆಲಸಕ್ಕೆ ಹೋದ. ಬಾವಿಯ ಕಲ್ಲಿನ ಅಚ್ಚು ತೆಗೆದು, ಮೋಡದ ದಿನವಾದ್ದರಿಂದ ಪೂರ್ತಿ ಒಣಗದ ಕಾಗದವನ್ನು ಹಾಗೇ ಬಿಡಿಸಿಕೊಂಡು ಮಠಕ್ಕೆ ಬಂದು ಹಿತ್ತಲ ಹಗ್ಗಕ್ಕೆ ಹರವಿದ. ಮಠದ ಕಲ್ಲಿನ ಅಚ್ಚು ತೆಗೆದು ಅದನ್ನೂ ಪಕ್ಕದಲ್ಲೇ ಹರವಿದ. ಎರಡೂ ಕಾಗದ ಒಂದೇ ಅಳತೆ, ಎರಡರ ಹಿಂಬದಿಯೂ ಖಾಲಿ. ಒಣಗಿದ ಮೇಲೆ ಬರೆದರಾಯಿತು ಎಂದು ಬೀಡಿ ಹಚ್ಚುವಷ್ಟರಲ್ಲಿ ಪಕ್ಕದ ಮನೆಯ ಲಕ್ಷ್ಮೀನರಸಿಂಹ ಸ್ಕೂಟರಿನಲ್ಲಿ ಬಂದರು. ಹೆಲ್ಮೆಟ್ ತೆಗೆಯದೆಯೇ ನಿಂತರು. ಮಾತಾಡಬೇಕಾಗಲಿಲ್ಲ.

ಮಗುವನ್ನು ಎಲ್ಲಿ ಮಣ್ಣು ಮಾಡುವುದು ಎಂಬ ಪ್ರಶ್ನೆ ಎದ್ದಾಗ ಸದಾಶಿವಯ್ಯನವರೇ, “ಎಲ್ಲೆಲ್ಲೋ ಯಾಕೆ. ಅಯ್ಯನ ಮಗ್ಗುಲಲ್ಲೇ ಮಲಗ್ಲಿ ಬುಡಿ ಕೂಸು” ಎಂದು ಗದ್ದುಗೆಯ ಹಿಂದೆ ಜಾಗ ತೋರಿಸಿದರು. ಮಠದ ಸ್ವಾಮಿಗಳನ್ನು ಬಿಟ್ಟರೆ ಬೇರೆಯವರಿಗೆ ಅಲ್ಲಿ ಜಾಗ ಕೊಟ್ಟ ಉದಾಹರಣೆ ಇರಲಿಲ್ಲ. ಅದು ದೊಡ್ಡ ಉಪಕಾರ. ನಿಶ್ಚಿತಾಗೆ ಒಬ್ಬಳೇ ಮಲಗಿ ಅಭ್ಯಾಸವಿರಲಿಲ್ಲ. ಮಣ್ಣು ಹಾಕುವಾಗ ಅವಳ ತಾಯಿ ಪ್ರೇಮಲೀಲಾ ಇದೇ ಮಾತನ್ನು ಹೇಳಿಕೊಂಡು ಅತ್ತಳು. ಆಮೇಲೆ ಯಾವಾಗಲೋ, ಅಯ್ಯ ಪಕ್ಕದಲ್ಲಿದ್ದಾನೆ, ಹೆದರಲಾರಳು ಎಂದು ತಾನೇ ಸಮಾಧಾನ ಮಾಡಿಕೊಂಡಳು. ಷಡಕ್ಷರಿ ಅಳಲಿಲ್ಲ. ಅಳು ಬರಲಿಲ್ಲ, ಅಷ್ಟೇ.

ಐದನೇ ದಿನ ಕಚೇರಿಗೆ ಹೋದ. ಮಠದವರು ಹಗ್ಗದಿಂದ ತೆಗೆದು ಸುತ್ತಿ ಕಳಿಸಿದ್ದ ಎರಡು ಸುರುಳಿಗಳು ಮೇಜಿನ ಮೇಲಿದ್ದವು. ಬಿಚ್ಚಿ ನೋಡದೆ, ಕೈಗೆ ಮೊದಲು ಸಿಕ್ಕಿದ್ದರ ಮೇಲೆ ‘ಸೊಪ್ಪಿನಯ್ಯನ ಮಠ, ಹಿತ್ತಲು’ ಎಂದು ಬರೆದ. ಇನ್ನೊಂದರ ಮೇಲೆ ‘ಹೊಲದ ಬಾವಿ’ ಎಂದು ಬರೆದ. ಆ ವಾರವೇ ಬುಲ್ಡೋಜರ್ ಬಂದು ಬಾವಿ ಮುಚ್ಚಿತು. ಕಲ್ಲು ಬಾವಿಯೊಳಗೆ ಹೋಯಿತೋ, ಯಾರದೋ ಮನೆಯ ಪಾಯಕ್ಕೆ ಹೋಯಿತೋ, ನೋಡಿದವರಿಲ್ಲ.

ಮೂರು ವರ್ಷ ಕಳೆದು ಕಚೇರಿಯ ವರದಿಯಲ್ಲಿ ಎರಡೂ ಶಾಸನಗಳು ಅಚ್ಚಾದವು. ಬಾವಿಯದು ಎಂದು ಬರೆದಿದ್ದ ಕಾಗದದಲ್ಲಿ ಯಾವುದೋ ಕೆರೆಯ ಏರಿ ಕಟ್ಟಿಸಿದ ಸಂಗತಿ. ಮಠದ್ದು ಎಂದು ಬರೆದಿದ್ದರಲ್ಲಿ ‘ಇಲ್ಲಿರುವ ಸೊಪ್ಪಿನ ಅಯ್ಯಗಳ ಗದ್ದುಗೆಗೆ’ ಭೂಮಿ ಬಿಟ್ಟ ವಿಷಯ, ಐನೂರು ವರ್ಷದ ಹಿಂದಿನದು. ಮಠದವರ ಸಂತೋಷಕ್ಕೆ ಪಾರವಿಲ್ಲ. ಅಯ್ಯ ಇದ್ದ, ಇಲ್ಲೇ ಇದ್ದ, ಸರ್ಕಾರಿ ಪುಸ್ತಕದಲ್ಲೇ ಬಂದಿದೆ. ಆ ಭಕ್ತಿಯ ಭರದಲ್ಲಿ ಅವರೊಂದು ಕೆಲಸ ಮಾಡಿದರು. ಹಿತ್ತಲ ಕಲ್ಲನ್ನು ಅಂಗಳಕ್ಕೆ ತಂದು, ಸವೆದ ಅಕ್ಷರ ಚೆನ್ನಾಗಿ ಕಾಣುವುದಿಲ್ಲವೆಂದು ಮೆಷಿನ್ನಿಂದ ಉಜ್ಜಿಸಿ ನುಣ್ಣಗೆ ಮಾಡಿಸಿ, ವರದಿಯಲ್ಲಿದ್ದ ಸಾಲುಗಳನ್ನು ಈಗಿನ ಕನ್ನಡದಲ್ಲಿ ಹೊಸದಾಗಿ ಕೊರೆಸಿ ಬಂಗಾರದ ಬಣ್ಣ ತುಂಬಿಸಿದರು. ದೇವರಿಗೆ ಹೊಸ ಬಟ್ಟೆ ಉಡಿಸುವ ಮನಸ್ಸಿನಲ್ಲಿ ಮಾಡಿದ್ದು. ಹಳೆಯ ಅಕ್ಷರ ಪುಡಿಯಾಗಿ ಗಾಳಿಗೆ ಹೋಯಿತು. ಅಲ್ಲಿಗೆ ಅಯ್ಯನಿಗೆ ಉಳಿದ ಸಾಕ್ಷಿ ಬೀರುವಿನ ಆ ಕಾಗದ ಮಾತ್ರ.

ವರದಿಯಲ್ಲಿ ಅಚ್ಚಾದ ಚಿತ್ರವನ್ನು ಷಡಕ್ಷರಿಯೂ ನೋಡಿದ. ಅಕ್ಷರ ಓದಲು ಬಾರದವನ ಕಣ್ಣು ಅಕ್ಷರವಿಲ್ಲದ ಕಡೆಗೆ ಹೋಗುತ್ತದೆ. ಗದ್ದುಗೆಯ ವಿಷಯವಿದ್ದ ಚಿತ್ರದ ಮೇಲಂಚಿನಲ್ಲಿ ಐದು ನುಣುಪಾದ ಗೀರುಗಳಿದ್ದವು. ಹೆಂಗಸರು ತಲೆಮಾರುಗಟ್ಟಲೆ ನೀರು ಸೇದಿದಾಗ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು. ಅವುಗಳೊಳಕ್ಕೆ ಕಾಗದ ಕೂರಿಸಲು ಅವತ್ತು ಬೆಳಿಗ್ಗೆ ತಾನು ಪಟ್ಟ ಪಾಡು ಅವನ ಕೈಗೆ ನೆನಪಿತ್ತು. ಗದ್ದುಗೆಯ ಶಾಸನ ಮಠದ ಕಲ್ಲಿನದಲ್ಲ, ಬಾವಿಯ ಕಲ್ಲಿನದು. ‘ಇಲ್ಲಿರುವ ಗದ್ದುಗೆ’ ಎಂದರೆ ಬಡಾವಣೆಯ ಯಾವುದೋ ಮನೆಯ ಕೆಳಗೆ.

ಅವನು ಪುಸ್ತಕ ಮುಚ್ಚಿಟ್ಟು ಊಟದ ಡಬ್ಬಿ ತೆರೆದ. ಗಾಬರಿಯಾಗಬೇಕಿತ್ತು, ಆಗಲಿಲ್ಲ. ಆ ಮೂರು ವರ್ಷದಲ್ಲಿ ಅವನಿಗೆ ಏನೂ ಆಗುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದರೂ ತಿನ್ನುತ್ತಿದ್ದ, ಹಾಕದಿದ್ದರೂ ತಿನ್ನುತ್ತಿದ್ದ. ಬಡ್ತಿ ತಪ್ಪಿದಾಗ ಬೇರೆಯವರು ಅವನ ಪರವಾಗಿ ಸಿಟ್ಟು ಮಾಡಿಕೊಂಡರು. ಪ್ರೇಮಲೀಲಾ ಮಾತ್ರ ಸೋಮವಾರ ತಪ್ಪಿಸದೆ, ಸಿದ್ಧಾರ್ಥನಗರದ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿ, ಒಂದು ಕಂತೆ ಹೊನಗೊನೆ ಸೊಪ್ಪು ಹಿಡಿದು ಮಠಕ್ಕೆ ಹೋಗಿ ಬರುತ್ತಿದ್ದಳು. ಮಂಗಳವಾರದಿಂದ ಭಾನುವಾರದವರೆಗೆ ಅವಳು ಎದ್ದು ಓಡಾಡುವಂತಿದ್ದರೆ ಅದು ಆ ಸೋಮವಾರದ ಬಲ. ಅಯ್ಯ ಅಲ್ಲಿಲ್ಲ ಎಂದು ಇವಳಿಗೆ ಹೇಳುವುದು ಹೇಗೆ? ಮಗು ಒಬ್ಬಳೇ ಮಲಗಿದ್ದಾಳೆ ಎಂದು ಹೇಳಿದ ಹಾಗೆಯೇ ಅಲ್ಲವೇ? ಷಡಕ್ಷರಿ ಹೇಳಲಿಲ್ಲ. ತಾನೂ ಮಠಕ್ಕೆ ಹೋಗಲಿಲ್ಲ.

ಎರಡು ಸಾವಿರದ ಮೂರರ ಆಗಸ್ಟಿನಲ್ಲಿ, ಅವನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ, ಧನುಶ್ರೀ ಎಂಬ ಸಂಶೋಧಕಿ ಕಚೇರಿಗೆ ಬಂದಳು. ಸೊಪ್ಪಿನಯ್ಯ ನಿಜವಾಗಿ ಇದ್ದನೇ, ಇದ್ದರೆ ಎಲ್ಲಿದ್ದ, ಎಂಬುದೇ ಅವಳ ವಿಷಯ. ಅವಳೂ ಹುಟ್ಟಿದಾಗಿನಿಂದ ಆ ಮಠಕ್ಕೆ ಹೋಗುತ್ತಿದ್ದವಳೇ, ಆದರೂ ಕೇಳಬೇಕು ಅನ್ನಿಸಿದೆ. ಎರಡು ದಿನ ಬೀರು ಜಾಲಾಡಿ, ಮೂರನೇ ದಿನ ಷಡಕ್ಷರಿಯ ಮೇಜಿಗೆ ಬಂದು ಕೂತಳು.

“ಸರ್, ಹಾಡುಗಳಿವೆ, ಒಂದು ಕಟ್ಟು ಓಲೆಗರಿ ಇದೆ, ಮಠದ ಹಳೇ ಕಾಗದಪತ್ರ ಇದೆ. ಆದ್ರೆ ಎಲ್ಲಾ ಅಯ್ಯ ಹೋಗಿ ಇನ್ನೂರು ಮುನ್ನೂರು ವರ್ಷ ಆದ್ಮೇಲಿಂದು. ತಮಾಷೆ ನೋಡಿ, ಸಾಕ್ಷಿ ಹೊಸದಾದಷ್ಟೂ ಅದಕ್ಕೆ ಜಾಸ್ತಿ ಗೊತ್ತಿರುತ್ತೆ. ಓಲೆಗರಿಗೆ ಅಯ್ಯನ ಹೆಸರು ಗೊತ್ತು. ಹಾಡಿಗೆ ಅವನ ತಾಯಿ ಹೆಸರೂ ಗೊತ್ತು, ಯಾವ ಸೊಪ್ಪು ತಿಂತಿದ್ದ ಅನ್ನೋದೂ ಗೊತ್ತು.”

“ನಮ್ಮ ಕಚೇರೀಲೂ ಅಂಗೇ ಕಣಮ್ಮ” ಎಂದ ಷಡಕ್ಷರಿ. “ಜಗಳ ನೋಡ್ದೋನಿಗಿಂತ ಕೇಳ್ದೋನಿಗೇ ಜಾಸ್ತಿ ಗೊತ್ತಿರ್ತದೆ.”

ಅವಳು ನಕ್ಕಳು. “ಅದಕ್ಕೇ ಅಯ್ಯನ ಕಾಲದ್ದು ಅಂತ ಕೈಗೆ ಸಿಗೋದು ಇದೊಂದೇ ಶಾಸನ. ತಕ್ಕಡಿಯ ಒಂದು ಕಡೆ ಇದನ್ನ ಇಟ್ರೆ ಇನ್ನೊಂದು ಕಡೆ ಉಳಿದದ್ದೆಲ್ಲ ಹಗುರ. ಮೂಲ ಕಲ್ಲು ಈಗಿಲ್ಲ. ಅಚ್ಚು ತೆಗೆದವರು ನೀವು. ಇದು ಮಠದ ಕಲ್ಲಿಂದೇ ಅಂತ ಒಂದು ಹೇಳಿಕೆ ಬರೆದು ಕೊಡ್ತೀರಾ? ಮತ್ತೆ, ಮೇಲ್ಗಡೆ ಈ ಐದು ಗೀಟು ಏನು ಸರ್?”

ಷಡಕ್ಷರಿ ಗೀಟುಗಳನ್ನು ನೋಡಿದ. ನಾಳೆ ಹೇಳುತ್ತೇನೆ ಎಂದ. ನಾಳೆಯೂ ಹೇಳಲಿಲ್ಲ. ವಾರ ಹಾಗೇ ತಳ್ಳಿದ.

ವಿಷಯ ಮಠಕ್ಕೆ ಮುಟ್ಟಿತು. ಭಾನುವಾರ ಸದಾಶಿವಯ್ಯನವರೇ ಪ್ರಸಾದದ ಪೊಟ್ಟಣ ಹಿಡಿದು ಮನೆಗೆ ಬಂದರು. ವಯಸ್ಸಾಗಿತ್ತು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಪ್ರೇಮಲೀಲಾ ಕಾಫಿ ತಂದಿಟ್ಟು ಒಳಗೆ ಹೋದಳು.

“ಋಷಿಮೂಲ ನದಿಮೂಲ ಹುಡುಕಬಾರದು ಅಂತ ಹಿರಿಯರು ಸುಮ್ನೆ ಹೇಳಿದ್ರಾ ಷಡಕ್ಷರಿ? ಈಗಿನ ಮಕ್ಕಳು ಕೇಳಲ್ಲ. ಕೇಳ್ಲಿ ಬುಡಿ. ಅವ್ಳಿಗೆ ಬೇಕಾಗಿರೋದು ನಿಮ್ಮ ಒಂದು ಮಾತು. ಹೌದು ಅಂದ್ಬುಟ್ರೆ ಮುಗೀತು ಕಣ್ರೀ. ನಾನೇನು ಸುಳ್ಳು ಹೇಳಿ ಅಂತಿಲ್ಲವಲ್ಲ.”

“ಇಲ್ಲ” ಎಂದ ಷಡಕ್ಷರಿ. ಅವರು ಸುಳ್ಳು ಹೇಳಿ ಎನ್ನುತ್ತಿರಲಿಲ್ಲ, ಅದೇ ಕಷ್ಟ. ಅವರಿಗೆ ಅದು ಸತ್ಯ. ಮಗುವಿಗೆ ಜಾಗ ಕೊಟ್ಟ ಕೈ ಅವನ ಮುಂದೆ ಕಾಫಿ ಲೋಟ ಹಿಡಿದಿತ್ತು. ಹೌದು ಎಂದು ಬರೆದುಬಿಟ್ಟರೆ ಹಾವೂ ಸಾಯದು, ಕೋಲೂ ಮುರಿಯದು. ಆದರೆ ಇಪ್ಪತ್ತೆಂಟು ವರ್ಷ ಅವನು ಬರೆದದ್ದು ಹಿಂಬದಿಯ ಆ ಒಂದೊಂದು ಸಾಲು ಮಾತ್ರ. ಅವನ ಪಾಂಡಿತ್ಯವೆಲ್ಲ ಅಷ್ಟೇ. ಅರಿಯದೆ ತಪ್ಪು ಬರೆದಾಗಿತ್ತು, ಅರಿತೂ ಇನ್ನೊಮ್ಮೆ ಬರೆಯಲು ಕೈ ಏಳಲಿಲ್ಲ.

ಸಂಜೆ ಪ್ರೇಮಲೀಲಾ ಅಡುಗೆಮನೆಯ ಬಾಗಿಲಲ್ಲಿ ಕೂತು ಮಾರನೆಯ ದಿನಕ್ಕೆ ಸೊಪ್ಪು ಸೋಸುತ್ತಿದ್ದಳು. ಷಡಕ್ಷರಿ ಎದುರಿಗೆ ಕೂತು ಎಲ್ಲ ಹೇಳಿದ. ಹಗ್ಗಕ್ಕೆ ಹರವಿದ್ದು, ಸುರುಳಿ ಬಿಚ್ಚದೆ ಬರೆದದ್ದು, ಐದು ಗೀರು, ಧನುಶ್ರೀ ಕೇಳಿದ ಹೇಳಿಕೆ. ವರದಿ ಓದುವ ಹಾಗೆ ಒಪ್ಪಿಸಿದ.

ಅವಳು ಸೊಪ್ಪು ಕೆಳಗಿಟ್ಟಳು. “ಯಾವಾಗ ಗೊತ್ತಾಯ್ತು ನಿಮ್ಗೆ?”

“ಆರು ವರ್ಷ ಆಯ್ತು.”

“ಹಂಗಾದ್ರೆ ಅಯ್ಯ ಅಲ್ಲಿಲ್ಲ.”

“ಇಲ್ಲ ಅಂತ ಕಾಣ್ತದೆ.”

“ನಮ್ ಕೂಸು ಒಬ್ಳೇ ಮಲ್ಗವ್ಳೆ.”

 ಅವಳು ಅತ್ತಾಳು, ಬೈದಾಳು ಎಂದು ಷಡಕ್ಷರಿ ಕಾದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

“ನಂಗೆ ಗೊತ್ತಿರ್ಲಿಲ್ಲ, ಅಯ್ಯ ಇದ್ದಾನೆ ಅನ್ಕಂಡು ಸಂಜೆ ಬಸ್ ಹತ್ತಿ ವಾಪಸ್ ಬಂದ್ಬುಡ್ತಿದ್ದೆ. ನಿಮ್ಗೆ ಗೊತ್ತಿತ್ತಲ್ರೀ. ಅವ್ಳು ಒಬ್ಳೇ ಅವ್ಳೆ ಅಂತ ಗೊತ್ತಿದ್ದೂ ಒಂದ್ ದಿನ ಹೋಗಿ ಪಕ್ಕದಲ್ಲಿ ಕೂತ್ಕಳಕ್ಕೆ ಆಗ್ಲಿಲ್ವಾ ನಿಮ್ಗೆ?”

 ಅವಳು ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು, “ಬರ್ದು ಕೊಡಿ ಆ ಹುಡ್ಗಿಗೆ” ಎಂದಳು. “ಯಾಕೆ ತಪ್ಪಾಯ್ತು ಅನ್ನೋದನ್ನೂ ಬರೀರಿ. ನಮ್ ಕೂಸಿನ ಹೆಸರು ಬರೀರಿ. ಒಂಬತ್ತು ವರ್ಷ ಆಯ್ತು, ನಿಮ್ ಬಾಯಲ್ಲಿ ಅವ್ಳ ಹೆಸರು ಕೇಳಿಲ್ಲ ನಾನು.”

ಸೋಮವಾರ ಬೆಳಿಗ್ಗೆ ಷಡಕ್ಷರಿ ಧನುಶ್ರೀಯನ್ನು ಕೂರಿಸಿಕೊಂಡು ಎರಡೂ ಪಡಿಯಚ್ಚು ಹರವಿ ಗೀರುಗಳನ್ನು ತೋರಿಸಿ, ಬಾವಿಯ ಹಗ್ಗ ಉಜ್ಜಿದ ಗುರುತು ಎಂದ. ಅವಳು ಒಂದೊಂದನ್ನೂ ಬೆರಳಿಂದ ಸವರಿ ನೋಡಿದಳು.

“ಹಂಗಾದ್ರೆ ಅಯ್ಯ ಮಠದಲ್ಲಿಲ್ಲ ಅಂತಾಯ್ತಾ?” ಎಂದು ಅವನೇ ಕೇಳಿದ.

“ಹಾಗೂ ಹೇಳಕ್ಕಾಗಲ್ಲ ಸರ್. ಕಲ್ಲಿಗೆ ಕಾಲಿಲ್ಲ ನಿಜ, ಜನಕ್ಕೆ ಕೈ ಇದೆಯಲ್ಲ. ಮಠದ ಕಲ್ಲನ್ನೇ ಯಾರಾದ್ರೂ ಯಾವ ಕಾಲದಲ್ಲೋ ಎತ್ಕೊಂಡು ಹೋಗಿ ಬಾವಿಗೆ ಹಾಕಿರಬಹುದು. ಸೊಪ್ಪಿನಯ್ಯ ಅನ್ನೋನು ಒಬ್ಬ ಇದ್ದ ಅಂತ ಬರೀಬಹುದು. ಎಲ್ಲಿ ಅಂದ್ರೆ, ಗೊತ್ತಿಲ್ಲ ಅಂತ ಬರೀಬೇಕು.”

ಇಷ್ಟಕ್ಕೇ ಆರು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದೆನಲ್ಲ ಅನ್ನಿಸಿತು ಷಡಕ್ಷರಿಗೆ. ಬಿಳಿ ಹಾಳೆ ತೆಗೆದು ಬರೆಯತೊಡಗಿದ. ಕಲ್ಲುಗಳ ಜಾಗ, ಅಳತೆ, ಗೀರು ಎಲ್ಲ ಸಲೀಸಾಗಿ ಬಂತು. ಆಮೇಲೆ ಬರೆದ: ‘ಸದರಿ ದಿನ ಮಧ್ಯಾಹ್ನ ನನ್ನ ಮಗಳು ನಿಶ್ಚಿತಾ, ವಯಸ್ಸು ನಾಲ್ಕು, ತೀರಿಕೊಂಡಿದ್ದರಿಂದ ಪಡಿಯಚ್ಚುಗಳ ಹಿಂಬದಿಗೆ ಸ್ಥಳದಲ್ಲೇ ವಿವರ ಬರೆಯಲಾಗಲಿಲ್ಲ.’

ಧನುಶ್ರೀ ಓದಿ ತಲೆ ಎತ್ತಲಿಲ್ಲ. “ಸರ್, ಇದನ್ನ ಬರೀಲೇಬೇಕು ಅಂತೇನಿಲ್ಲ. ಸ್ವಂತ ಕಾರಣದಿಂದ ಅಂದ್ರೂ ಸಾಕು.”

“ಇರ್ಲಿ ಕಣಮ್ಮ. ಸ್ಕೂಲಿಗೆ ಸೇರ್ಸಿರ್ಲಿಲ್ಲ. ಫೋಟೋ ತೆಗೆಸ್ಬೇಕು ಅಂತಿದ್ವು, ತೆಗೆಸ್ಲಿಲ್ಲ. ರೇಷನ್ ಕಾರ್ಡಲ್ಲಿ ಹೆಸರು ಹೊಡೆದು ಹಾಕುದ್ರು. ಅವ್ಳು ಇದ್ಲು ಅನ್ನೋಕೆ ಒಂದು ಕಾಗದ ಇರ್ಲಿ.”

ಸಹಿ ಹಾಕಿ, ಅರ್ಧ ದಿನ ರಜೆ ಬರೆದುಕೊಟ್ಟು, ವಿಜಯನಗರದ ಬಸ್ಸು ಹತ್ತಿದ. ಮಠ ಗುರುತು ಸಿಗದಷ್ಟು ಬೆಳೆದಿತ್ತು. ಹೆಂಚು ಹೋಗಿ ಆರ್‌ಸಿಸಿ ಬಂದಿತ್ತು, ಗದ್ದುಗೆಯ ಹಿಂದೆ ದಾಸೋಹದ ಕೋಣೆ ಎದ್ದಿತ್ತು, ನೆಲಕ್ಕೆಲ್ಲ ಕಲ್ಲುಚಪ್ಪಡಿ. ಷಡಕ್ಷರಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಎರಡು ಸಲ ನಡೆದ. ಒಂದು ನುಗ್ಗೆಮರ ಇತ್ತೆಂದು ನೆನಪು, ಈಗಿರಲಿಲ್ಲ. ನಾಡಿನ ಎಷ್ಟೋ ಕಲ್ಲುಗಳಿಗೆ ಹೊಲ, ಮೂಲೆ, ದಿಕ್ಕು ಎಲ್ಲ ಬರೆದಿಟ್ಟವನಿಗೆ ತನ್ನ ಮಗಳನ್ನು ಎಲ್ಲಿ ಮಲಗಿಸಿದ್ದೆಂದು ಗೊತ್ತಾಗಲಿಲ್ಲ.

ಸದಾಶಿವಯ್ಯ ಜಗಲಿಯ ಮೇಲೆ ಕೂತಿದ್ದರು. ಷಡಕ್ಷರಿ ಅವರ ಮುಂದೆ ಹೋಗಿ ನಿಂತ. “ಇಲ್ಲ ಅಂತ ಬರೆದು ಕೊಟ್ಬುಟ್ಟೆ, ಸ್ವಾಮಿ. ಆ ಕಾಗದ ಮಠದ ಕಲ್ಲಿಂದಲ್ಲ. ತಪ್ಪು ನಂದು.”

ಮುದುಕರ ಮುಖ ಕಪ್ಪಾಯಿತು. ಅಂಗಳದ ಬಂಗಾರದ ಅಕ್ಷರಗಳ ಕಡೆ ನೋಡುತ್ತ ಕೂತರು.

“ಇನ್ನೊಂದು ಕೇಳ್ಬೇಕಿತ್ತು” ಎಂದ ಷಡಕ್ಷರಿ. “ನನ್ ಮಗಳು ನಿಶ್ಚಿತಾನ ಎಲ್ಲಿ ಮಲಗ್ಸಿದ್ವಿ?”

ಸದಾಶಿವಯ್ಯ ಅವನನ್ನು ದಿಟ್ಟಿಸಿದರು. ಆಮೇಲೆ ಗೋಡೆ ಹಿಡಿದು ಎದ್ದು, ಅವನ ಮೊಣಕೈ ಹಿಡಿದುಕೊಂಡು, ನಿಧಾನವಾಗಿ ಹಿತ್ತಲಿಗೆ ನಡೆಸಿಕೊಂಡು ಹೋದರು. ದಾಸೋಹದ ಕೋಣೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಮೊಳ ಅಗಲದಷ್ಟು ಚಪ್ಪಡಿ ಹಾಕದೆ ಮಣ್ಣು ಬಿಟ್ಟಿದ್ದರು. ಅದರ ಅಂಚಿನಲ್ಲಿ ಆ ಹೊತ್ತಿಗಾಗಲೇ ಪ್ರೇಮಲೀಲಾ ಬಂದು ಕೂತಿದ್ದಳು. ಈ ಸಲ ಬಸ್ಸಿನ ಹೊತ್ತು ನೋಡಿಕೊಳ್ಳುತ್ತಿರಲಿಲ್ಲ. ಅವನನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟಳು.

ಷಡಕ್ಷರಿ ಕೂತ. ಮಣ್ಣಿನ ಮೇಲೆ ಕೈ ಇಟ್ಟ. “ನಿಶ್ಚಿತಾ” ಎಂದ, ಆಮೇಲೆ ಅಳಲು ಶುರುಮಾಡಿದ. ಹೇಗೆ ಅಳಬೇಕೆಂದು ಮರೆತವನ ಹಾಗೆ ಮೊದಮೊದಲು ಬರೀ ಕೆಮ್ಮಿದಂತೆ ಕೇಳಿತು. ಪ್ರೇಮಲೀಲಾ ಪಕ್ಕದಲ್ಲೇ ಇದ್ದಳು. ಸದಾಶಿವಯ್ಯ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಿಟ್ಟು ಹೋದರು.